ಹದಿಮೂರು ಸುಳ್ಳು ಹೆಸರು

ನನ್ನವ್ವ ಬಸವಕಲ್ಯಾಣದ ಒಂದು ಸರಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸಂಡಾಸ ತೊಳೆದಳು. ಬೆಳಿಗ್ಗೆ ಆರಕ್ಕೆ ಹೋಗಬೇಕು. ಸಾಹೇಬರು ಬರುವಷ್ಟರಲ್ಲಿ ನೆಲ ಒಣಗಿರಬೇಕು. ಆಸಿಡ್ ಬಿದ್ದು ಬಿದ್ದು ಅವಳ ಬಲಗೈಯ ಎರಡು ಉಗುರು ಬೆಳೆಯುವುದನ್ನೇ ಬಿಟ್ಟಿದ್ದವು. ಅಲ್ಲಿ ಅವಳಿಗೆ ಹೆಸರಿರಲಿಲ್ಲ. ‘ಏ ಬಾಯಿ’ ಅನ್ನುತ್ತಿದ್ದರು.

ಹೆಸರು ಇಲ್ಲವೆಂದಲ್ಲ. ಎರಡಿದ್ದವು. ರೇಷನ್ ಕಾರ್ಡಿನಲ್ಲಿ ರುಕ್ಮಿಣಿಬಾಯಿ ಗಂಡ ಮಡೆಪ್ಪ, ಹಿಂದೂ, ಮಾದಿಗ. ಹುಮನಾಬಾದಿನ ನಮ್ಮ ಚರ್ಚಿನ ರಜಿಸ್ಟರಿನಲ್ಲಿ ರೂತಮ್ಮ. ನಮ್ಮ ಕೇರಿಗಳಲ್ಲಿ ಎರಡು ಹೆಸರಿನ ಹೆಂಗಸರು ಬಹಳ. ಕಾರಣ ಕಾನೂನು. ಹಿಂದೂ, ಸಿಖ್ ಅಥವಾ ಬೌದ್ಧಳಾಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. ಕ್ರೈಸ್ತಳಾದರೆ ಆ ಸರ್ಟಿಫಿಕೇಟು ಹೋಯಿತು. ಕ್ರೈಸ್ತಳಾದ ಮೇಲೆ ಜಾತಿ ಉಳಿಯುವುದಿಲ್ಲ ಎಂದು ಕಾಗದ ಹೇಳುತ್ತದೆ. ಊರು ಹಾಗೆ ಹೇಳುವುದಿಲ್ಲ. ಚರ್ಚೂ ಹೇಳುವುದಿಲ್ಲ. ಆ ಸರ್ಟಿಫಿಕೇಟಿನ ಮೇಲೆಯೇ ಅವ್ವನಿಗೆ ನೌಕರಿ ಸಿಕ್ಕಿತ್ತು.

ನಾನು ದೀಪಾಲಿ. ಬಿ.ಎ. ಮುಗಿದ ಮೇಲೆ ದೂರದ ಒಂದು ಸೆಮಿನರಿಗೆ ಹೋದೆ. ಪಾದ್ರಿಗಳನ್ನೂ ದೈವಶಾಸ್ತ್ರದ ಮೇಷ್ಟ್ರುಗಳನ್ನೂ ತಯಾರು ಮಾಡುವ ಕಾಲೇಜು ಅದು. ನಾಲ್ಕು ವರ್ಷ ಮೊದಲ ಪದವಿ. ಆಮೇಲೆ ಎಂ.ಟಿಎಚ್. ಎಂಬ ಮೇಲಿನ ಪದವಿ, ಧರ್ಮಗಳ ಅಧ್ಯಯನ. ನಮ್ಮ ಕೇರಿಯಿಂದ ಅಷ್ಟು ದೂರ ಓದಲು ಹೋದವರು ಯಾರೂ ಇರಲಿಲ್ಲ. ಗ್ರೀಕ್ ಕಲಿತೆ, ಹೀಬ್ರೂ ಕಲಿತೆ. ವಿದ್ಯಾರ್ಥಿಗಳೆಲ್ಲ ಸರದಿಯ ಮೇಲೆ ಕೆಲಸ ಮಾಡಬೇಕೆಂಬ ನಿಯಮ ಅಲ್ಲಿತ್ತು. ಒಬ್ಬರಿಗೆ ತೋಟ, ಒಬ್ಬರಿಗೆ ಅಡುಗೆಮನೆ, ಒಬ್ಬರಿಗೆ ಲೈಬ್ರರಿ. ನನ್ನ ಸರದಿ ಬಂದಾಗಲೆಲ್ಲ ಸಂಡಾಸವೇ ಬರುತ್ತಿತ್ತು. ಮೂರನೇ ಸಲ ವಾರ್ಡನ್ನರನ್ನು ಕೇಳಿದೆ. ಅವರು ನಕ್ಕರು. ‘ನೀನು ಚೆನ್ನಾಗಿ ಮಾಡ್ತೀಯಮ್ಮ. ಕೈ ಪಳಗಿದೆ’ ಅಂದರು. ನನ್ನ ಅವ್ವನ ಕೆಲಸ ಏನೆಂದು ಅರ್ಜಿಯಲ್ಲಿ ಬರೆದಿದ್ದೆ. ಅವರು ಓದಿದ್ದರು.

ಎಂ.ಟಿಎಚ್.ಗೆ ಒಂದು ಪ್ರಬಂಧ ಬರೆಯಬೇಕು. ನಾನು ಎರಡು ಹೆಸರಿನ ಹೆಂಗಸರನ್ನೇ ಆರಿಸಿಕೊಂಡೆ. ರಜೆಯಲ್ಲಿ ಬಂದು ಹುಡಗಿ ಎಂಬ ಹಳ್ಳಿ, ಹುಮನಾಬಾದ, ಬಸವಕಲ್ಯಾಣ ಸುತ್ತಿದೆ. ಹದಿನಾಲ್ಕು ಮಂದಿ ಮಾತಾಡಿದರು. ಅವರಲ್ಲಿ ಅವ್ವನೂ ಒಬ್ಬಳು. ಬಟಾಣಿ ಸುಲಿಯುತ್ತ, ಕಳೆ ಕೀಳುತ್ತ, ಸೊಂಟ ಹಿಡಿದುಕೊಂಡು ಮಾತಾಡಿದರು. ಕೇಳಿದ್ದನ್ನು ಬರೆದೆ. ಮೂರನೆಯ ಅಧ್ಯಾಯ ನಮ್ಮ ಚರ್ಚಿನದು. ಮುಂದಿನ ಬೆಂಚುಗಳಲ್ಲಿ ಕೂಡುವ ಮನೆತನಗಳು ಯಾವುವು, ಹಿಂದೆ ಜಮಖಾನೆಯ ಮೇಲೆ ಕೂಡುವವರು ಯಾರು, ಪ್ರಭುಭೋಜನದ ದ್ರಾಕ್ಷಾರಸದ ಬಟ್ಟಲು ಯಾರ ತುಟಿಗೆ ಕೊನೆಗೆ ಬರುತ್ತದೆ, ಶನಿವಾರ ಚರ್ಚಿನ ಸಂಡಾಸ ತೊಳೆಯಲು ಯಾವ ಕೇರಿಗೆ ಕರೆ ಹೋಗುತ್ತದೆ. ಅಷ್ಟೇ. ವಿಶೇಷಣ ಹಾಕಲಿಲ್ಲ.

ನನ್ನ ಗೈಡು ರೆವರೆಂಡ್ ಡಾಕ್ಟರ್ ಸಂಜೀವಕುಮಾರ ಓದಿ, ‘ಕೆಲಸ ಗಟ್ಟಿಯಾಗಿದೆ. ಆದರೆ ಹೆಸರುಗಳೆಲ್ಲಿ?’ ಎಂದು ಕೇಳಿದರು.

‘ಹೆಸರು ಹಾಕಿದರೆ ಅವರ ಸರ್ಟಿಫಿಕೇಟು ಹೋಗುತ್ತದೆ ಸಾರ್.’

‘ಹೆಸರಿಲ್ಲದ ಸಾಕ್ಷಿಯನ್ನು ಯಾವ ಪರೀಕ್ಷಕರು ಒಪ್ಪುತ್ತಾರೆ? ಪ್ರಬಂಧದಲ್ಲಿ ಬೇಡ. ಬೇರೆ ಹಾಳೆಯಲ್ಲಿ ಎರಡೂ ಹೆಸರು ಟೈಪ್ ಮಾಡಿ ಕೊಡು. ಲಕೋಟೆಯಲ್ಲಿಟ್ಟು ಬೀರುವಿನಲ್ಲಿ ಇಡುತ್ತೇನೆ.’

ಎರಡು ವಾರ ತಡೆದೆ. ಆಮೇಲೆ ಕೊಟ್ಟೆ. ಒಂದೇ ಹಾಳೆ, ಹದಿನಾಲ್ಕು ಸಾಲು. ರೇಷನ್ ಕಾರ್ಡಿನ ಹೆಸರು, ಎದುರಿಗೆ ಚರ್ಚಿನ ಹೆಸರು. ಒತ್ತಾಯ ಮಾಡಿದರು ಎಂದು ಈಗ ಹೇಳಬಹುದು. ಆದರೆ ನನಗೆ ಪದವಿ ಬೇಕಿತ್ತು. ಅದಕ್ಕೇ ಕೊಟ್ಟೆ.

ಫೆಬ್ರುವರಿಯಲ್ಲಿ ಅವ್ವ ಫೋನ್ ಮಾಡಿದಳು. ‘ಕಚೇರಿದಾಗ ಒಂದು ಕಾಗದ ಕೊಟ್ಟಾರ. ಓದಿ ಹೇಳಾಕ ಯಾರೂ ಒಲ್ಲರು. ಎಲ್ಲಾರೂ ಮಾರಿ ತಿರುವಾಕತ್ತಾರ. ನೀ ಬಾ.’

ಬಂದೆ. ಅದು ನೋಟಿಸು. ಕ್ರೈಸ್ತ ಧರ್ಮಕ್ಕೆ ಸೇರಿದವರಾಗಿದ್ದೂ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಪಡೆದು ನೌಕರಿ ಗಳಿಸಿದ್ದೀರಿ ಎಂದು ದೂರು ಬಂದಿದೆ, ವಿಚಾರಣೆಗೆ ಹಾಜರಾಗಿ. ಹಿಂದೆ ಪಿನ್ನು ಹೊಡೆದು ಒಂದು ಜೆರಾಕ್ಸ್ ಪ್ರತಿ. ಹದಿನಾಲ್ಕು ಸಾಲು. ನಾನು ಟೈಪ್ ಮಾಡಿದ ಹಾಳೆ. ಆರನೆಯ ಸಾಲಿನಲ್ಲಿ ನಾನೇ ಮಾಡಿದ ಕಾಗುಣಿತದ ತಪ್ಪೂ ಹಾಗೆಯೇ ಇತ್ತು.

ಸಂಜೀವಕುಮಾರರಿಗೆ ಫೋನ್ ಹಚ್ಚಿದೆ. ‘ಮೂರನೆಯ ಅಧ್ಯಾಯದ ಸಂಗತಿಗಳನ್ನು ಪರಿಶೀಲಿಸಲೆಂದು ಹುಮನಾಬಾದಿನ ಚರ್ಚಿನ ಕಾರ್ಯದರ್ಶಿಗೆ ಕಳಿಸಿದ್ದೆ’ ಅಂದರು. ‘ಪಟ್ಟಿಯೂ ಹೋಯಿತೇ ಸಾರ್?’ ಎಂದೆ. ‘ಜೊತೆಗೆ ಹೋಗಿರಬಹುದು’ ಅಂದರು. ಹೋಗಿರಬಹುದು.

ಕಾರ್ಯದರ್ಶಿ ಅಂದರೆ ಅನೀಲಕುಮಾರ. ನಿವೃತ್ತ ಹೆಡ್‌ಮಾಸ್ತರ. ಅವರ ಮುತ್ತಜ್ಜ ಹೊಲಮನೆ ಇದ್ದ ಮೇಲ್ಜಾತಿಯವರು, ಮಿಷನ್ ಶಾಲೆಯ ಮಾಸ್ತರರಾಗಿ ಕ್ರೈಸ್ತರಾದವರು. ಅವರ ಮನೆಯವರಿಗೆ ಪರಿಶಿಷ್ಟರ ಸರ್ಟಿಫಿಕೇಟು ಎಂದೂ ಬೇಕಾಗಿರಲಿಲ್ಲ. ಮುಂದಿನ ಬೆಂಚು ಅವರದು.

ಮರುದಿನ ಹುಡಗಿಗೆ ಹೋದೆ. ಕಸ್ತೂರಿಬಾಯಿ ಅತ್ತಿ ಕಡಲೆ ಕೀಳುತ್ತಿದ್ದಳು. ನಮ್ಮಪ್ಪನ ಚಿಕ್ಕಪ್ಪನ ಮಗಳು ಅವಳು. ಕಡಲೆಗಿಡದ ಹುಳಿ ತಾಗಿ ಅವಳ ಬೆರಳೆಲ್ಲ ಸೀಳಿದ್ದವು. ಪಟ್ಟಿಯಲ್ಲಿ ಅವಳದು ಎರಡನೆಯ ಹೆಸರು. ಅವಳ ಮಗಳು ಶೀತಲ ಪರಿಶಿಷ್ಟರ ಸೀಟಿನ ಮೇಲೆ ನರ್ಸಿಂಗ್ ಓದುತ್ತಿದ್ದಳು.

ನನ್ನನ್ನು ನೋಡಿ ಸೊಂಟ ನೆಟ್ಟಗೆ ಮಾಡಿದಳು. ಸುದ್ದಿ ಮುಟ್ಟಿತ್ತು.

‘ಬಂದೇನವಾ ಪಂಡಿತಿ? ಇನ್ನೂ ಏನರ ಕೇಳೋದು ಉಳದದೇನು?’

‘ಅತ್ತಿ, ನಾ ಕೊಟ್ಟಿದ್ದು ಗೈಡಿಗಿ...’

‘ಯಾರಿಗರ ಕೊಡು. ನನ್ನ ಅಂಗಳದಾಗ ಕುಂತು ನನ್ನ ಚಾ ಕುಡಿದಿ. ಯಾರಿಗೂ ಹೇಳಲ್ಲ ಅತ್ತಿ ಅಂದಿ. ನೀ ಓದಾಕ ಹೋಗಿ ನಮ್ಮ ಹೆಸರು ಮಾರಿ ಬಂದಿ.’ ಕೈಯಲ್ಲಿದ್ದ ಗಿಡಗಳ ಕಟ್ಟನ್ನು ನನ್ನ ಕಾಲ ಹತ್ತಿರ ಬಿಸಾಕಿದಳು. ‘ಶೀತಲನ ಸೀಟ್ ಹೋದ್ರ ನೀ ಬಂದು ಆಕಿನ್ನ ನರ್ಸ್ ಮಾಡ್ತೇನು? ನಿನ್ನ ಗ್ರೀಕ್ ಮಾಡ್ತದೇನು?’

ಉಳಿದ ಹೆಂಗಸರು ಸಾಲು ಬಿಡದೆ ಕಡಲೆ ಕೀಳುತ್ತಿದ್ದರು. ಒಬ್ಬಳೂ ತಲೆ ಎತ್ತಲಿಲ್ಲ. ಬಾಗಿ ಆ ಕಟ್ಟನ್ನು ಎತ್ತಿ ಗುಂಪೆಗೆ ಇಟ್ಟು ಬಂದೆ.

ಭಾನುವಾರ ಅನೀಲಕುಮಾರರೇ ಹೇಳಿಕಳಿಸಿದರು. ಅವ್ವ, ನಾನು ಹುಮನಾಬಾದಿಗೆ ಹೋದೆವು. ಅವರು ಕುರ್ಚಿಯಲ್ಲಿ ಕೂತಿದ್ದರು. ನಾವು ಕಟ್ಟೆಯ ಮೇಲೆ ಕೂತೆವು. ಒಳಗೆ ಬನ್ನಿ ಅನ್ನಲಿಲ್ಲ. ನೀರು ಬಂತು, ಪ್ಲಾಸ್ಟಿಕ್ ಗ್ಲಾಸಿನಲ್ಲಿ.

‘ನೋಡು ರುಕ್ಮಿಣಿಬಾಯಿ, ಯಾರ ಅನ್ನಾನೂ ಕಸಗೊಳ್ಳೋದು ನಮಗ ಬ್ಯಾಡ’ ಎಂದು ಶುರು ಮಾಡಿದರು. ದೂರು ತಾನು ಕೊಟ್ಟಿಲ್ಲ ಅನ್ನಲಿಲ್ಲ. ಕೊಟ್ಟೆ ಎಂದೂ ಅನ್ನಲಿಲ್ಲ. ‘ನಾನು ಚರ್ಚಿನ ಲೆಟರ್‌ಹೆಡ್ಡಿನ ಮ್ಯಾಲ ಬರದು ಕೊಡ್ತೀನಿ. ಈ ಹದಿನಾಲ್ಕು ಮಂದಿ ನಮ್ಮ ಸಭಾದ ಸದಸ್ಯರಲ್ಲ, ಎಂದೂ ಇದ್ದಿಲ್ಲ ಅಂತ. ಕೇಸ್ ಖತಂ. ನಿನ್ನ ಮಗಳು ಅಷ್ಟ್ರಾಗ ಮೂರನೇ ಪಾಠ ತಗೀಬೇಕು. ತಪ್ಪಾತು ಅಂತ ಒಂದು ಕಾಗದ ಬರದು ಕೊಡಬೇಕು. ದೇವರ ಮನೀಗಿ ಮಸಿ ಬಳಿಯೋದು ಓದಲ್ಲ.’

ನಾನು ಬಾಯಿ ತೆರೆದಿದ್ದೆ. ಆಯಿತು ಅನ್ನುವವಳಿದ್ದೆ. ಶೀತಲಳ ಸೀಟು ಕಣ್ಣ ಮುಂದೆ ಇತ್ತು. ಮೂರನೆಯ ಅಧ್ಯಾಯ ನಲವತ್ತು ಪುಟ. ಹೋಗಲಿ ಅನ್ನಿಸಿತ್ತು.

ಅವ್ವ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು.

‘ಎಂದೂ ಇದ್ದಿಲ್ಲ ಅಂತ ಬರೀತೀರೇನ್ರಿ ಮಾಸ್ತರ?’

‘ಹಂಗ ಬರೀದಿದ್ರ ಕೆಲಸಕ್ಕ ಬರಲ್ಲ.’

‘ಹಂಗಾದ್ರ ಇವರಪ್ಪನ್ನ ಯಾರ ಜಾಗದಾಗ ಹೂಳೀರಿ? ಚರ್ಚಿನ ಪಾಯಾಕ್ಕ ಅಂವ ಕಲ್ಲು ಹೊತ್ತಾನ. ಹೊಟ್ಯಾಗ ಈಕಿ ಇದ್ದಾಗ ನಾ ಉಸುಕು ಹೊತ್ತೀನಿ. ಅಂವ ಸತ್ತಾಗ ನೀವೇ ನಿಂತು ಮಣ್ಣು ಹಾಕೀರಿ. ಎಂದೂ ಇದ್ದಿಲ್ಲದಾಂವ ಅಲ್ಲಿ ಹ್ಯಾಂಗ ಮಲಗ್ಯಾನ್ರಿ?’

‘ಅದು ಬ್ಯಾರೆ ಮಾತು.’

‘ನನಗ ಬ್ಯಾರೆ ಅಲ್ರಿ.’ ಅವ್ವ ಎದ್ದಳು. ‘ಬ್ಯಾಡ್ರಿ ನಿಮ್ಮ ಕಾಗದ.’

ಬಸ್ಸಿನಲ್ಲಿ ತಡೆಯಲಾಗಲಿಲ್ಲ. ‘ನಿನಗ ಬ್ಯಾಡ ಆದ್ರ ನಿನಗ ಬ್ಯಾಡ. ಉಳದ ಹದಿಮೂರು ಮಂದಿ ಏನು ಮಾಡ್ಬೇಕವ್ವ?’ ಎಂದೆ.

‘ಇವತ್ತ ಇಲ್ಲ ಅಂತ ಬರದು ಕೊಟ್ಟಾಂವ ನಾಳಿ ರಜಿಸ್ಟರ್ ತಗದು ಅದಾರ ಅಂತ ತೋರಸ್ತಾನ. ಹದಿನಾಲ್ಕು ಮಂದಿ ಮೂಗುದಾರ ಅಂವನ ಕೈಯಾಗ ಕೊಡೋದೇನು?’ ಕಿಟಕಿಯ ಕಡೆ ಮುಖ ಮಾಡಿದಳು. ಹೈವೇಯ ಮೇಲೆ ಲಾರಿಗಳು ಹೋಗುತ್ತಿದ್ದವು. ತಿರುಗಿ ಕೇಳಿದಳು. ‘ಆ ಪಟ್ಟಿ ಖರೇನೋ ಸುಳ್ಳೋ ಅಂತ ಹೇಳಾಕಿ ಯಾರು?’

‘ನಾನಽ. ನಾನು ಬರದಿದ್ದು.’

‘ಸುಳ್ಳು ಅಂದುಬಿಡು.’

ತಾನು ಏನು ಹೇಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಿಲ್ಲ ಎಂದುಕೊಂಡೆ. ಪ್ರಬಂಧದಲ್ಲಿ ಇಲ್ಲದವರನ್ನು ಇದ್ದಾರೆಂದು ಬರೆಯುವುದು ಕಳ್ಳತನಕ್ಕೆ ಸಮ. ಪದವಿ ಹೋಗುತ್ತದೆ. ಬೇರೆ ಯಾವ ಸೆಮಿನರಿಯೂ ಬಾಗಿಲು ತೆರೆಯುವುದಿಲ್ಲ. ಆರು ವರ್ಷ ಓದಿದ್ದು ಮಣ್ಣು. ಬಿಡಿಸಿ ಹೇಳಿದೆ.

ಅವಳು ಪೂರ್ತಿ ಕೇಳಿದಳು. ‘ಗೊತ್ತಾತು’ ಅಂದಳು. ‘ನೀ ಕೊಟ್ಟಿದ್ದಿ. ನೀನಽ ತಿರುಗಿ ತಗೋಬೇಕು.’

ವಿಚಾರಣೆ ಅವ್ವನ ಕಚೇರಿಯಲ್ಲೇ ಇತ್ತು. ನಾನೂ ಹೋದೆ. ಪಟ್ಟಿ ಬರೆದವಳೆಂದು ನನಗೂ ಪತ್ರ ಬಂದಿತ್ತು. ಅವ್ವ ಅವತ್ತು ಬೆಳಿಗ್ಗೆಯೂ ಅದೇ ಕಚೇರಿಯ ಸಂಡಾಸ ತೊಳೆದು, ಕೈಕಾಲು ತೊಳೆದುಕೊಂಡು, ಸೀರೆ ಬದಲಿಸಿ ಬಂದಿದ್ದಳು. ವಿಚಾರಣೆಯ ಸಾಹೇಬರು ಬೇರೆ ಊರಿನವರು. ಕೆಟ್ಟವರಲ್ಲ. ಕುರ್ಚಿ ತೋರಿಸಿದರು. ಅವ್ವ ಕೂಡಲಿಲ್ಲ. ಆ ಕೋಣೆಯಲ್ಲಿ ಅವಳು ಕೂತದ್ದೇ ಇಲ್ಲ.

‘ಈ ಪಟ್ಟಿ ನೀವೇ ಮಾಡಿದ್ದಾ?’ ಎಂದು ನನ್ನನ್ನು ಕೇಳಿದರು.

‘ಹೌದು ಸಾರ್. ಇದರಲ್ಲಿ ಹದಿಮೂರು ಹೆಸರು ಸುಳ್ಳು.’

ಅವರು ಪೆನ್ನು ಕೆಳಗಿಟ್ಟರು. ‘ಅಂದರೆ?’

‘ಕಾಲೇಜಿನವರು ಹೆಚ್ಚು ಜನರನ್ನು ಕೇಳಬೇಕು ಅಂದಿದ್ದರು. ನನಗೆ ತಿರುಗಲು ಆಗಲಿಲ್ಲ. ಪರಿಚಯದ ಹೆಂಗಸರ ಹೆಸರು ಬರೆದು, ಎದುರಿಗೆ ಬೈಬಲ್ಲಿನ ಹೆಸರು ನಾನೇ ಜೋಡಿಸಿದೆ. ಅವರಿಗೆ ಇದು ಗೊತ್ತೇ ಇಲ್ಲ.’

‘ಬರೆದು ಸಹಿ ಮಾಡಿ ಕೊಡ್ತೀರಾ?’

‘ಕೊಡ್ತೇನೆ.’

ಬರೆದೆ. ಆ ಹದಿಮೂರು ಮಂದಿಯ ಒಂದೊಂದು ಮಾತೂ ನನಗೆ ಬಾಯಿಪಾಠವಿತ್ತು. ಒಬ್ಬಳು ಹಡೆದ ಮೂರನೇ ದಿನ ಚರ್ಚಿನ ಮೋರಿ ತೆಗೆದಿದ್ದಳು. ಅವಳನ್ನು ಕೇಳಿಯೇ ಇಲ್ಲವೆಂದು ನನ್ನ ಕೈಯಿಂದ ನಾನೇ ಬರೆದೆ.

‘ಹದಿಮೂರು ಅಂದಿರಿ. ಹದಿನಾಲ್ಕನೆಯದು?’

ಅದನ್ನೂ ಸುಳ್ಳೆನ್ನಬೇಕೆಂದು ನನಗಿತ್ತು. ಮನೆಯಲ್ಲಿ ಅವ್ವನನ್ನು ಎಷ್ಟೋ ಬೇಡಿಕೊಂಡಿದ್ದೆ. ಅವಳು ಒಪ್ಪಿರಲಿಲ್ಲ, ಅದಕ್ಕೇ ಹದಿಮೂರು ಅಂದಿದ್ದೆ. ಈಗ ನಾನು ಬಾಯಿ ತೆರೆಯುವ ಮೊದಲೇ ಅವಳು ಒಂದು ಹೆಜ್ಜೆ ಮುಂದೆ ಬಂದಳು.

‘ಅದು ನಂದ್ರಿ. ಅದು ಖರೆ.’

ಸಾಹೇಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ‘ಬಾಯಿ, ನೀವು ಇಲ್ಲ ಅಂದರೆ ನಾನೇನು ಎದೆ ಸೀಳಿ ನೋಡ್ತೀನಾ? ಇಲ್ಲ ಅನ್ನಿ. ಇನ್ನು ನಾಲ್ಕು ವರ್ಷಕ್ಕೆ ನಿಮಗೆ ಪೆನ್ಶನ್.’

‘ಹ್ಯಾಂಗ ಅನ್ಲಿ ಸಾಹೇಬ್ರ? ಇಪ್ಪತ್ತೆರಡು ವರ್ಷ ಇಲ್ಲಿ ಹೇಲು ಬಳದೀನಿ. ಯಾರೂ ಹೆಸರು ಹಿಡಿದು ಕರದಿಲ್ಲ. ಅಲ್ಲಿ ಒಂದ ಸಲ, ನೀರು ಹಾಕಿದ ದಿನ, ಪಾದ್ರಿ ನನ್ನ ತಲಿ ಮುಟ್ಟಿ ಹೆಸರು ಹಿಡಿದು ಕರದ್ರು. ಒಂದ ಸಲ. ಆಮ್ಯಾಲ ಅಲ್ಲೂ ಕರೀಲಿಲ್ಲ. ಆದ್ರೂ ಆ ಒಂದು ಸಲದ್ದು ನಂದು. ಅದು ಇಲ್ಲ ಅಂತ ನಾ ಹ್ಯಾಂಗ ಅನ್ಲಿ?’

‘ನೌಕರಿ ಹೋಗ್ತದೆ.’

‘ಕಸಬರಿಗಿ ಕೈಯಾಗ ಕೊಡಾಗ ನಿನ್ನ ದೇವರು ಯಾರು ಅಂತ ಕೇಳಿದ್ದಿಲ್ರಿ. ಬಿಡಸ್ಕೊಳ್ಳಾಗ ಕೇಳಾಕತ್ತೀರಿ. ತಗೋರಿ.’

ಸಾಹೇಬರು ಬರೆದುಕೊಂಡರು. ಹೆಬ್ಬೆಟ್ಟು ಒತ್ತಿಸಿಕೊಂಡರು. ಉಳಿದವರ ಬಗ್ಗೆ ಚರ್ಚಿನ ರಜಿಸ್ಟರು ಕಳಿಸಿ ಎಂದು ಹುಮನಾಬಾದಿಗೆ ಒಂದು ಪತ್ರ ಹೋಯಿತು. ರಜಿಸ್ಟರು ಗೆದ್ದಲು ತಿಂದಿದೆ ಎಂದು ಅನೀಲಕುಮಾರರು ಉತ್ತರ ಬರೆದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು, ಬರೆದವಳೇ ಸುಳ್ಳು ಅಂದ ಕಾಗದ. ನಾನು ಸಹಿ ಮಾಡಿದ ಕಾಗದದ ಫೋಟೋ ಅಷ್ಟರಲ್ಲಿ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿತ್ತು. ಯಾರು ತೆಗೆದರೋ ತಿಳಿಯಲಿಲ್ಲ. ಹದಿಮೂರು ಮಂದಿಯ ಕಡತ ಮುಚ್ಚಿತು. ಶೀತಲಳ ಸೀಟು ಉಳಿಯಿತು. ಅವ್ವನನ್ನು ಕೆಲಸದಿಂದ ತೆಗೆದರು.

ಸೆಮಿನರಿಯಲ್ಲಿ ಐದು ಮಂದಿಯ ಕಮಿಟಿ ಕೂತಿತು. ಅದಕ್ಕೆ ಮೊದಲು ಸಂಜೀವಕುಮಾರರು ನನ್ನನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿದರು.

‘ದೀಪಾಲಿ, ನೀನು ಬರೆದದ್ದು ಸುಳ್ಳಲ್ಲ ಎಂದು ನನಗೆ ಗೊತ್ತು.’

‘ಹಾಗಾದರೆ ಕಮಿಟಿಯ ಮುಂದೆ ಹೇಳಿ ಸಾರ್. ಲಕೋಟೆ ಬೀರುವಿನಿಂದ ಹೇಗೆ ಹೊರಗೆ ಹೋಯಿತು, ಅದನ್ನೂ ಹೇಳಿ.’

ಅವರು ಮೇಜಿನ ಮೇಲಿನ ಪುಸ್ತಕಗಳನ್ನು ಸಾಲಾಗಿ ಜೋಡಿಸಿದರು. ‘ಒಂದು ದಾರಿ ಇದೆ. ಮೂರನೆಯ ಅಧ್ಯಾಯದ ಸಂಗತಿಗಳೂ ಕಲ್ಪನೆ, ಕ್ಷಮಿಸಬೇಕು ಎಂದು ಬರೆದುಕೊಡು. ಬೇರೆ ವಿಷಯ ಕೊಡಿಸುತ್ತೇನೆ. ಎರಡು ವರ್ಷ ಹೆಚ್ಚಾಗಬಹುದು. ಪದವಿ ಸಿಗುತ್ತದೆ.’

‘ಹೆಸರು ಸುಳ್ಳು ಅಂದಿದ್ದೇನೆ ಸಾರ್. ಸಂಡಾಸ ತೊಳೆದದ್ದು ಸುಳ್ಳು ಅಂದಿಲ್ಲ. ಅನ್ನುವುದಿಲ್ಲ.’

ಕಮಿಟಿಯ ಮುಂದೆಯೂ ಅಷ್ಟೇ ಹೇಳಿದೆ. ಸಂಶೋಧನೆಯಲ್ಲಿ ಅಪ್ರಾಮಾಣಿಕತೆ ಎಂದು ಬರೆದು ನನ್ನನ್ನು ತೆಗೆದುಹಾಕಿದರು. ಸಂಜೀವಕುಮಾರರು ಸಹಿ ಮಾಡಿದವರಲ್ಲಿ ನಾಲ್ಕನೆಯವರು. ಹಾಸ್ಟೆಲ್ ಬಿಡುವ ದಿನವೂ ಸರದಿಯ ಪಟ್ಟಿಯಲ್ಲಿ ನನ್ನ ಹೆಸರು ಸಂಡಾಸದ ಎದುರಿಗಿತ್ತು. ತೊಳೆಯದೆ ಬಂದೆ.

ಬಸವಕಲ್ಯಾಣದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಹಿಡಿದೆ. ಅವ್ವ ಎರಡು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ಕಚೇರಿಯ ಕಡೆಯ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗುತ್ತಾಳೆ. ಸಂಕಟ ಇಲ್ಲವೆಂದು ಹೇಳಲಾರೆ. ಒಂದೊಂದು ದಿನ ಬೆಳಿಗ್ಗೆ ಐದಕ್ಕೇ ಎದ್ದು, ಸೀರೆಯುಟ್ಟು, ಎಲ್ಲಿಗೆ ಹೋಗಬೇಕೆಂದು ತೋಚದೆ ಹೊಸ್ತಿಲ ಮೇಲೆ ಕೂತುಬಿಡುತ್ತಾಳೆ. ಆ ಹದಿಮೂರು ಮಂದಿಯಲ್ಲಿ ಒಬ್ಬರೂ ನಮ್ಮ ಮನೆಗೆ ಬರಲಿಲ್ಲ. ಬಂದರೆ ಯಾರಾದರೂ ನೋಡಿಯಾರು ಎಂಬ ಭಯ. ಹಾಗೆಂದು ನಾನೇ ಅಂದುಕೊಂಡೆ.

ಮರುವರ್ಷ ಏಪ್ರಿಲ್ ಕೊನೆಯ ಭಾನುವಾರ ಹುಮನಾಬಾದಿನ ಚರ್ಚಿನಲ್ಲಿ ದೊಡ್ಡ ಕೂಟವಿತ್ತು. ಸುತ್ತಲಿನ ಊರುಗಳಿಂದ ಪಾದ್ರಿಗಳೂ ಅತಿಥಿಗಳೂ ಬರುವವರಿದ್ದರು. ನಾನು ಹೋಗುವುದಿಲ್ಲ ಅಂದೆ. ‘ನನ್ನ ಗಂಡ ಅಲ್ಲಿ ಅದಾನ. ನಾ ಹೋಗಾಕಿ’ ಎಂದು ಅವ್ವ ಹೊರಟಳು. ಅವಳೊಬ್ಬಳನ್ನೇ ಕಳಿಸಲಾಗದೆ ಹೋದೆ. ಜಮಖಾನೆಯ ತುದಿಯಲ್ಲಿ ಕೂತೆವು. ಕಸ್ತೂರಿಬಾಯಿ ಅತ್ತಿ ಎರಡು ಸಾಲು ಮುಂದೆ ಇದ್ದಳು. ನಮ್ಮ ಕಡೆ ತಿರುಗಲಿಲ್ಲ.

ಆರಾಧನೆ ಮುಗಿಯುವ ಹೊತ್ತಿಗೆ ಅನೀಲಕುಮಾರರು ಎದ್ದು ನಿಂತರು. ಕೈಯಲ್ಲಿ ಮೊಬೈಲು.

‘ನಮ್ಮ ಸಭಾದ ಮ್ಯಾಲ ಒಂದು ಅಪವಾದ ಬಂದಿತ್ತು. ಇಲ್ಲಿ ಜಾತಿ ಅದ, ಒಂದು ಕೇರಿ ಹೆಂಗಸರ ಕೈಲೆ ಸಂಡಾಸ ತೊಳಸ್ತಾರ ಅಂತ ಒಬ್ಬಾಕಿ ಬರದಿದ್ದಳು. ಸುಳ್ಳು ಅಂತ ಆಕೀನೇ ಬರದು ಕೊಟ್ಟಾಳ. ಇಲ್ಲಿ ಯಾರೂ ಯಾರ ಕೈಲೂ ತೊಳಸಿಲ್ಲ, ಯಾರೂ ತೊಳದಿಲ್ಲ. ದೇವರು ಸತ್ಯ ಹೊರಗ ತಂದಾನ.’ ಆಮೆನ್ ಎಂದು ಮುಂದಿನ ಬೆಂಚುಗಳಿಂದ ದನಿ ಬಂತು, ಆಮೇಲೆ ಜಮಖಾನೆಯಿಂದಲೂ.

ನಾನು ಸಂಡಾಸದ ಮಾತು ಸುಳ್ಳೆಂದು ಎಲ್ಲೂ ಬರೆದಿರಲಿಲ್ಲ. ಎದ್ದು ಹೇಳಬೇಕು. ಎದ್ದರೆ ಹೆಸರುಗಳ ಪ್ರಶ್ನೆ ಮತ್ತೆ ಬರುತ್ತದೆ. ನೆಲ ನೋಡುತ್ತ ಕೂತೆ. ಅಷ್ಟು ಸಣ್ಣವಳಾಗಿ ನಾನು ಎಂದೂ ಕೂತಿರಲಿಲ್ಲ.

ಹೊರಗೆ ಬಂದಾಗ ಅತಿಥಿಗಳ ಎರಡು ಜೀಪು ಬಂದು ನಿಂತಿದ್ದವು. ಊಟದ ಪಾತ್ರೆಗಳು ಇಳಿಯುತ್ತಿದ್ದವು. ಬೇಸಿಗೆ. ನೀರಿಲ್ಲದೆ ಹಿಂದಿನ ಸಂಡಾಸ ಎರಡು ದಿನದಿಂದ ತುಂಬಿ ನಾರುತ್ತಿತ್ತು. ಶನಿವಾರ ಯಾರೂ ಬಂದಿರಲಿಲ್ಲ. ಅನೀಲಕುಮಾರರು ಮೂಗಿಗೆ ಕರವಸ್ತ್ರ ಹಿಡಿದು ನಮ್ಮ ಹೆಂಗಸರು ನಿಂತ ಕಡೆ ಬಂದರು.

‘ಏ ಕಸ್ತೂರಿ, ನಿನ್ನಿ ಯಾಕ ಬರಲಿಲ್ಲ? ದೊಡ್ಡ ಮಂದಿ ಬಂದಾರ. ಜಲ್ದಿ ಎರಡು ಕೊಡ ನೀರು ಹೊಡದು ತೊಳದುಬಿಡ್ರಿ.’

ಕಸ್ತೂರಿಬಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಅವಸರ ಮಾಡಲಿಲ್ಲ.

‘ಯಾರು ತೊಳೀಬೇಕ್ರಿ ಮಾಸ್ತರ?’

‘ನೀವು. ಮತ್ಯಾರು?’

‘ನಾವು ತೊಳದಽ ಇಲ್ಲಲ್ರಿ.’

ಜೀಪಿನಿಂದ ಇಳಿಯುತ್ತಿದ್ದ ಒಬ್ಬ ಪಾದ್ರಿ ಈ ಕಡೆ ತಿರುಗಿದರು.

‘ಈಗ ಒಳಗ ದೇವರ ಮುಂದ ನಿಂತು ನೀವಽ ಹೇಳೀರಿ. ಇಲ್ಲಿ ಯಾರೂ ತೊಳಸಿಲ್ಲ, ಯಾರೂ ತೊಳದಿಲ್ಲ ಅಂತ. ನಾವು ಆಮೆನ್ ಅಂದೀವಿ.’ ಕಸ್ತೂರಿಬಾಯಿಯ ದನಿ ಏರಿತು. ‘ಹಂಗಾದ್ರ ಇಷ್ಟು ವರ್ಷ ಯಾರು ತೊಳದಾರ, ಅವರನ್ನ ಕರೀರಿ. ನಮಗ ಆ ಕೆಲಸ ಬರಂಗಿಲ್ಲ.’

‘ಕಸ್ತೂರಿ, ನಾಲಿಗಿ ಬಿಗಿ ಹಿಡಿ.’

‘ಹಿಡದೀನ್ರಿ. ಹಿಡದಿದ್ದಕ್ಕಽ ಇಷ್ಟು ಹೇಳಾಕತ್ತೀನಿ.’

ಅವಳ ಹಿಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಯಾರೂ ಕೂಗಲಿಲ್ಲ. ಊಟಕ್ಕೂ ನಿಲ್ಲಲಿಲ್ಲ. ಹನ್ನೆರಡರ ಬಿಸಿಲಿನಲ್ಲಿ ಗೇಟು ದಾಟಿ ರಸ್ತೆಗೆ ಬಂದರು. ನಾನೂ ಅವ್ವನೂ ಅವರ ಹಿಂದೆ ಬಂದೆವು. ಬೇವಿನ ಮರದ ಕೆಳಗೆ ಕಸ್ತೂರಿಬಾಯಿ ನಿಂತಳು. ನನ್ನನ್ನು ನೋಡಲಿಲ್ಲ. ಅವ್ವನ ಹತ್ತಿರ ಬಂದು ಅವಳ ಬಲಗೈ ಹಿಡಿದುಕೊಂಡಳು.

‘ನಡಿ ರೂತಮ್ಮ’ ಅಂದಳು. ‘ನಮ್ಮನಿಗಿ ಹೋಗಿ ಉಣ್ಣಮು.’